ದೋಣಿಯ ಮೀನಿನ ಟ್ಯಾಂಕಿಗೆ ನೀರು ಬರುತ್ತಿಲ್ಲವೇ? ಹೊಸ ಪಂಪ್ ತರುವ ಮೊದಲು ಇಷ್ಟು ನೋಡಿ

"ಸ್ವಿಚ್ ಹಾಕಿದೆ, ಟ್ಯಾಂಕಿಗೆ ನೀರು ಬರುತ್ತಿಲ್ಲ. ಪಂಪ್ ಹೋಯಿತಾ?" ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಚೆರ್ವತ್ತೂರಿನವರೆಗೆ ಸಣ್ಣ ಫೈಬರ್ ದೋಣಿ ಇಟ್ಟುಕೊಂಡವರು ನನ್ನಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದು. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯನ್ನು ಮತ್ತೆ ನೀರಿಗಿಳಿಸುವ ಹೊತ್ತಿಗಂತೂ ದಿನ ಬಿಟ್ಟು ದಿನ ಯಾರಾದರೂ ಕೇಳುತ್ತಾರೆ.

ನಾನು ನೋಡಿದ ಹೆಚ್ಚಿನ ದೋಣಿಗಳಲ್ಲಿ ಪಂಪ್ ಸರಿಯಾಗಿಯೇ ಇತ್ತು. ವಯರಿನ ಜಾಯಿಂಟ್ ತಿಂದುಹೋಗಿತ್ತು, ಇಲ್ಲವೇ ಜಾಲರಿಗೆ ಕಸ ಕಟ್ಟಿತ್ತು, ಇಲ್ಲವೇ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು. ಮಂಗಳೂರು ಬಂದರಿಗೆ ಓಡಿ ಹೊಸ ಪಂಪ್ ತಂದು ಕೂರಿಸಿದ ಮೇಲೂ ನೀರು ಬಾರದೆ ತಲೆಗೆ ಕೈ ಹೊತ್ತು ಕೂತವರು ಉಂಟು. ದುಡ್ಡು ಹೋಯಿತು, ಕಡಲಿಗೆ ಹೋಗುವ ಒಂದು ದಿನವೂ ಹೋಯಿತು. ಪಂಪಿನ ಜೊತೆ ಬರುವ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಭಾಷೆಯಲ್ಲಿ ಒಂದು ಕಡೆ ಬರೆದಿಟ್ಟರೆ ಉಪಯೋಗವಾದೀತು ಅಂತ ಕೂತಿದ್ದೇನೆ.

ಇದು ಕೆಲಸ ಮಾಡುವುದು ಹೇಗೆ

ಈ ಟ್ಯಾಂಕಿಗೆ ಲೈವ್‌ವೆಲ್ ಅನ್ನುತ್ತಾರೆ, ಅಂದರೆ ಮೀನನ್ನು ಜೀವಂತ ಇಡುವ ಟ್ಯಾಂಕಿ. ಗಾಳಕ್ಕೆ ಹಾಕುವ ಜೀವಂತ ಬೂತಾಯಿ, ಸಿಗಡಿ ಅದರಲ್ಲಿರಬಹುದು, ಹಿಡಿದ ಮುರು ಮೀನೂ ಇರಬಹುದು. ದೋಣಿಯ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ತೂತು ಇರುತ್ತದೆ. ಅದರ ಹೊರಗೆ ಜಾಲರಿ. ಒಳಗೆ ಸೀಕಾಕ್, ಅಂದರೆ ನೀರನ್ನು ಪೂರ್ತಿ ನಿಲ್ಲಿಸುವ ವಾಲ್ವ್. ಅದರ ಹಿಂದೆ 12 ವೋಲ್ಟಿನ ಪಂಪ್. ಅಲ್ಲಿಂದ ಪೈಪ್ ಟ್ಯಾಂಕಿಗೆ ಏರುತ್ತದೆ. ಹೆಚ್ಚಾದ ನೀರು ಇನ್ನೊಂದು ದೊಡ್ಡ ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಪಂಪಿನೊಳಗೆ ಇಂಪೆಲ್ಲರ್ ಎಂಬ ಸಣ್ಣ ರೆಕ್ಕೆಚಕ್ರ ತಿರುಗಿ ನೀರನ್ನು ತಳ್ಳುತ್ತದೆ. ಒಂದು ವಿಷಯ ಚೆನ್ನಾಗಿ ನೆನಪಿಡಿ. ಈ ಬಗೆಯ ಪಂಪಿಗೆ ಗಾಳಿಯನ್ನು ಎಳೆದು ಹಾಕುವ ಶಕ್ತಿ ಇಲ್ಲ. ನೀರು ತಾನಾಗಿ ಅದರೊಳಗೆ ಬಂದು ತುಂಬಬೇಕು. ತುಂಬಿದರೆ ಮಾತ್ರ ಅದು ತಳ್ಳುತ್ತದೆ.

ಬೇಕಾದ ಸಾಮಾನು

ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಾರಿನ ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬಿಗೆ ಎರಡು ವಯರ್ ಬೆಸೆದು ಇಟ್ಟುಕೊಳ್ಳಿ. ಎಲ್‌ಇಡಿ ಬಲ್ಬ್ ಬೇಡ. ಎಲ್‌ಇಡಿಗೆ ತುಂಬಾ ಸ್ವಲ್ಪ ಕರೆಂಟ್ ಸಾಕು, ಹಾಗಾಗಿ ಮುಕ್ಕಾಲು ಪಾಲು ಕೊಳೆತ ವಯರಿನಲ್ಲೂ ಅದು ಉರಿಯುತ್ತದೆ. "ಕರೆಂಟ್ ಉಂಟಲ್ಲ" ಅಂತ ನೀವು ಮೋಸ ಹೋಗುತ್ತೀರಿ.

ಜೊತೆಗೆ ಸ್ಕ್ರೂಡ್ರೈವರ್, ವಯರ್ ಕಟ್ಟರ್, ಒಂದೆರಡು ಮೀಟರ್ ಒಳ್ಳೆಯ ವಯರ್, ಅದೇ ಅಳತೆಯ ಫ್ಯೂಸ್‌ಗಳು, ಹಳೆಯ ಹಲ್ಲುಜ್ಜುವ ಬ್ರಷ್, ವಿನೆಗರ್, ನೀರು ತುಂಬಿದ ಬಕೆಟ್. ಹೀಟ್ ಶ್ರಿಂಕ್ ಟ್ಯೂಬ್ ಕೂಡ ತನ್ನಿ. ಬಿಸಿ ತಾಗಿದರೆ ಕುಗ್ಗಿ ವಯರಿಗೆ ಬಿಗಿಯಾಗಿ ಹಿಡಿಯುವ ಸಣ್ಣ ಕೊಳವೆ ಇದು. ಒಳಗೆ ಅಂಟು ಇರುವ ಬಗೆಯನ್ನೇ ಕೇಳಿ ತನ್ನಿ.

ಕೈ ಹಾಕುವ ಮೊದಲು

ದೋಣಿ ನೀರಿನಲ್ಲಿದ್ದರೆ ಸೀಕಾಕ್ ಮುಚ್ಚದೆ ಪಂಪ್ ಬಿಚ್ಚಬೇಡಿ. ತೂತು ನೀರಿನ ಕೆಳಗಿದೆ ಅಲ್ವಾ? ಪಂಪ್ ಕೈಗೆ ಬಂದ ಕ್ಷಣ ಅಲ್ಲಿಂದ ಕಡಲೇ ಒಳಗೆ ಬರುತ್ತದೆ. ನಮ್ಮ ಕಡೆ ಎಷ್ಟೋ ದೋಣಿಗಳಲ್ಲಿ ಸೀಕಾಕ್ ಹಾಕಿಸಿಯೇ ಇರುವುದಿಲ್ಲ, ಪಂಪ್ ನೇರ ತೂತಿಗೆ ಕೂತಿರುತ್ತದೆ. ಅಂಥ ದೋಣಿಯನ್ನು ದಡಕ್ಕೆ ಎಳೆದೇ ಕೆಲಸ ಮಾಡಿ. ಆಮೇಲೆ ಒಂದು ಸೀಕಾಕ್ ಹಾಕಿಸಿಕೊಳ್ಳಿ, ದಯವಿಟ್ಟು.

ಎಂಜಿನ್ ಆಫ್ ಇರಲಿ. ಪೆಟ್ರೋಲ್, ಸೀಮೆಎಣ್ಣೆ ಕ್ಯಾನುಗಳನ್ನು ದೂರ ಇಡಿ. ಬ್ಯಾಟರಿ ವಯರ್ ತಾಗಿಸುವಾಗ ಕಿಡಿ ಹಾರುತ್ತದೆ.

1. ಮೊದಲು ಸದ್ದು ಕೇಳಿ

ಎಂಜಿನ್ ನಿಲ್ಲಿಸಿ, ಮೊಬೈಲಿನ ಹಾಡೂ ನಿಲ್ಲಿಸಿ. ಒಬ್ಬರು ಸ್ವಿಚ್ ಹಾಕಲಿ, ಇನ್ನೊಬ್ಬರು ಪಂಪಿನ ಮೇಲೆ ಬೆರಳಿಟ್ಟು ಕಿವಿ ಹತ್ತಿರ ತರಲಿ.

ಸದ್ದೂ ಇಲ್ಲ, ನಡುಕವೂ ಇಲ್ಲ ಅಂದರೆ ಹೆಚ್ಚಾಗಿ ಕರೆಂಟ್ ತಲುಪುತ್ತಿಲ್ಲ. 2ನೇ ಹಂತಕ್ಕೆ ಹೋಗಿ.

"ಗುಂ" ಅಂತ ಇದೆ, ತಿರುಗುತ್ತಿಲ್ಲ, ಅಥವಾ ಫ್ಯೂಸ್ ಹೋಗುತ್ತದೆ ಅಂದರೆ ರೆಕ್ಕೆಚಕ್ರಕ್ಕೆ ಏನೋ ಸಿಕ್ಕಿದೆ. 3ನೇ ಹಂತ.

ಚೆನ್ನಾಗಿ ತಿರುಗುವ ಸದ್ದು ಇದೆ, ನೀರು ಮಾತ್ರ ಇಲ್ಲ ಅಂದರೆ ನೀರಿನ ದಾರಿಯಲ್ಲಿ ತೊಂದರೆ. 4ನೇ ಹಂತ.

ಈ ಒಂದು ನಿಮಿಷದ ಕೆಲಸ ಬಿಟ್ಟು ನೇರ ಸ್ಪ್ಯಾನರ್ ಹಿಡಿಯುವುದೇ ದೊಡ್ಡ ತಪ್ಪು.

2. ಸದ್ದೇ ಇಲ್ಲದಿದ್ದರೆ

ಬ್ಯಾಟರಿಯಿಂದ ಶುರು ಮಾಡಿ. ಏನೂ ಓಡದೆ ಕೆಲವು ಗಂಟೆ ಸುಮ್ನೆ ಇದ್ದ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಮೊದಲು ಚಾರ್ಜಿಗೆ ಹಾಕಿ, ಆಮೇಲೆ ಪಂಪಿನ ಮಾತು. ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಿನವು ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. "ಎಂಜಿನ್ ಓಡುತ್ತಿತ್ತಲ್ಲ, ಬ್ಯಾಟರಿ ಹೇಗೆ ಇಳಿಯಿತು?" ಅಂತ ಕೇಳುವವರಿಗೆ ಉತ್ತರ ಇದೇ.

ಲೆಕ್ಕ ಸುಲಭ. 3 ಆಂಪಿಯರ್ ತಿನ್ನುವ ಪಂಪ್ ನಿಲ್ಲದೆ 10 ಗಂಟೆ ಓಡಿದರೆ 30 ಆಂಪಿಯರ್ ಅವರ್ ಖರ್ಚು. ನಿಮ್ಮ ಬ್ಯಾಟರಿ 35 ಆಂಪಿಯರ್ ಅವರಿನದ್ದಾದರೆ ಅದು ಬಹುಪಾಲು ಖಾಲಿ. ಈ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಬೇಗ ಸಾಯುತ್ತವೆ. ಟೈಮರ್ ಹಾಕಿ, ಒಂದೆರಡು ನಿಮಿಷ ಓಡಿ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲುವಂತೆ ಮಾಡಿದರೆ ಖರ್ಚು ಅರ್ಧಕ್ಕಿಂತ ಕಡಿಮೆ.

ಬ್ಯಾಟರಿ ಸರಿ ಇದೆಯಾ? ಈಗ ಫ್ಯೂಸ್. ಕಣ್ಣಿಗೆ ಚೆನ್ನಾಗಿ ಕಂಡರೂ ಬಿಚ್ಚಿ ನೋಡಿ. ಉಪ್ಪು ಗಾಳಿಗೆ ಫ್ಯೂಸ್ ಹಿಡಿಯುವ ತಗಡಿನ ನಾಲಿಗೆಗಳು ಹಸಿರು ಕಟ್ಟಿರುತ್ತವೆ. ಉಜ್ಜಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಫ್ಯೂಸ್ ಹೋಗಿದ್ದರೆ ಪಂಪಿನ ಮೇಲೆ ಫ್ಯೂಸಿಗೆ ಅಂತ ಬರೆದಷ್ಟೇ ಆಂಪಿಯರಿನದ್ದನ್ನು ಹಾಕಿ. ತಾಮ್ರದ ಎಳೆ ಸುತ್ತುವುದು, 5ರ ಜಾಗಕ್ಕೆ 15 ಹಾಕುವುದು ಬೇಡವೇ ಬೇಡ. ಪಂಪ್ ಸಿಕ್ಕಿಕೊಂಡಾಗ ಕಾದು ಕರಗುವುದು ಆಗ ವಯರೇ. ನಾವು ಕೂತಿರುವುದು ಫೈಬರ್ ದೋಣಿ ಮತ್ತು ಎಣ್ಣೆಯ ಪಕ್ಕ. ಫ್ಯೂಸ್ ಇರುವ ಜಾಗ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ.

ಈಗ ಮುಖ್ಯ ಪರೀಕ್ಷೆ. ನಾನು ಇದನ್ನು ಎರಡು ವಯರಿನ ಪರೀಕ್ಷೆ ಅನ್ನುತ್ತೇನೆ. ಪಂಪನ್ನು ಬಿಚ್ಚಿ ಬಕೆಟಿನ ನೀರಿನಲ್ಲಿ ಮುಳುಗಿಸಿ. ದೋಣಿಯ ವಯರನ್ನು ಬಿಟ್ಟುಬಿಡಿ. ಬೇರೆ ಎರಡು ವಯರಿನಲ್ಲಿ, ಪ್ಲಸ್ ಕಡೆ ಫ್ಯೂಸ್ ಹಾಕಿ, ಬ್ಯಾಟರಿಯಿಂದ ನೇರ ಪಂಪಿಗೆ ಕೊಡಿ. ಬಕೆಟಿನ ನೀರು ಚಿಮ್ಮಿತಾ? ಪಂಪಿಗೆ ಏನೂ ಆಗಿಲ್ಲ. ತಪ್ಪು ದೋಣಿಯ ವಯರಿನಲ್ಲಿದೆ. ಚಿಮ್ಮದಿದ್ದರೆ ತೊಂದರೆ ಪಂಪಿನಲ್ಲೇ, 3ನೇ ಹಂತ ನೋಡಿ. ಒಣಗಿದ ಪಂಪನ್ನು ಮಾತ್ರ ಹೀಗೆ ಓಡಿಸಬೇಡಿ. ಒಳಗಿನ ಸೀಲ್ ತಂಪಾಗುವುದು ನೀರಿನಿಂದಲೇ, ಅದು ಸುಟ್ಟರೆ ಸ್ವಲ್ಪ ದಿನದಲ್ಲಿ ಮೋಟಾರಿಗೆ ನೀರು ಇಳಿಯುತ್ತದೆ.

ವಯರಿನಲ್ಲಿ ತಪ್ಪು ಎಲ್ಲಿ? ಪಂಪ್ ಜೋಡಿಸಿ ಸ್ವಿಚ್ ಹಾಕಿಯೇ ಪಂಪಿನ ತುದಿಯಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 12.5, ಪಂಪಿನ ಹತ್ತಿರ 10 ತೋರಿಸಿದರೆ ಉಳಿದ ಎರಡೂವರೆ ವೋಲ್ಟ್ ದಾರಿಯಲ್ಲಿ ಸೋರುತ್ತಿದೆ. ಪಂಪ್ ಬಿಚ್ಚಿಟ್ಟು ಬರೀ ವಯರನ್ನು ಅಳೆದರೆ ಕೆಟ್ಟ ವಯರಿನಲ್ಲೂ 12.5 ಕಾಣುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಪಂಪ್ ಗುಜರಿಗೆ ಹೋಗಿವೆ.

ಸೋರುವ ಜಾಗ ಹೆಚ್ಚಾಗಿ ಜಾಯಿಂಟ್. ಶಿರಿಯ ಅಳಿವೆಯ ಬದಿಯಲ್ಲಿ ಹೋದ ವರ್ಷ ಒಂದು ದೋಣಿಯ ಜಾಯಿಂಟ್ ಬಿಚ್ಚಿದ್ದೆ. ಮೇಲೆ ಕಪ್ಪು ಟೇಪನ್ನು ಹೆಬ್ಬೆರಳಿನ ದಪ್ಪಕ್ಕೆ ಅಚ್ಚುಕಟ್ಟಾಗಿ ಸುತ್ತಿದ್ದರು. ಟೇಪ್ ಬಿಡಿಸುತ್ತಾ ಹೋದ ಹಾಗೆ ಅಂಟು ಕೈಗೆ ಮೆತ್ತಿತು, ಒಳಗಿನಿಂದ ಎರಡು ಹನಿ ಉಪ್ಪುನೀರು ಬಿತ್ತು. ತಾಮ್ರ ತಾಮ್ರದ ಬಣ್ಣದಲ್ಲಿ ಇರಲಿಲ್ಲ. ಹೊರಗೆ ಹಸಿರು ಪುಡಿ, ಒಳಗೆ ಕಪ್ಪು. ಎಳೆಗಳನ್ನು ಬೆರಳಲ್ಲಿ ಬಗ್ಗಿಸಿದರೆ ಒಣಗಿದ ಹುಲ್ಲಿನ ಹಾಗೆ ಪಟಪಟ ಮುರಿದವು. ಟೇಪ್ ನೀರನ್ನು ಹೊರಗೆ ಇಡುವುದಿಲ್ಲ, ಒಳಗೆ ಹೋದ ನೀರನ್ನು ಆರಲು ಬಿಡುವುದಿಲ್ಲ.

ಅಂಥ ವಯರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ. ಒಂದಡಿ ಹೋದರೂ ಹೋಗಲಿ. ಕ್ರಿಂಪ್ ತುಂಡು ಹಾಕಿ ಒತ್ತಿ, ಅಂದರೆ ಎರಡೂ ತುದಿಯನ್ನು ಸಣ್ಣ ಲೋಹದ ಕೊಳವೆಗೆ ತೂರಿಸಿ ಇಕ್ಕಳದಲ್ಲಿ ಅಮುಕಿ. ಅದರ ಮೇಲೆ ಹೀಟ್ ಶ್ರಿಂಕ್ ಟ್ಯೂಬ್. ಜಾಯಿಂಟನ್ನು ದೋಣಿಯ ತಳದ ನೀರು ಮುಟ್ಟದಷ್ಟು ಎತ್ತರಕ್ಕೆ ಕಟ್ಟಿ. ಹೊಸ ವಯರ್ ಎಳೆಯುವುದಾದರೆ ತವರ ಲೇಪಿಸಿದ, ಬೆಳ್ಳಗೆ ಕಾಣುವ ತಾಮ್ರದ ವಯರ್ ತನ್ನಿ. ಜಾಸ್ತಿ ಬೆಲೆಯಾದರೂ ಉಪ್ಪಿಗೆ ತಡೆಯುತ್ತದೆ.

ದಪ್ಪವೂ ಮುಖ್ಯ. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ಇದ್ದರೆ ಕರೆಂಟ್ ಹೋಗಿ ಬರುವ ದಾರಿ 12 ಮೀಟರ್. 4 ಆಂಪಿಯರಿನ ಪಂಪಿಗೆ 2.5 ಚದರ ಮಿಲಿಮೀಟರಿನ ವಯರ್ ಹಾಕಿದರೆ ದಾರಿಯಲ್ಲಿ ಕಳೆಯುವುದು ಸುಮಾರು 0.36 ವೋಲ್ಟ್. 0.75ರ ತೆಳು ವಯರ್ ಹಾಕಿದರೆ ಸುಮಾರು 1.2 ವೋಲ್ಟ್. ಬ್ಯಾಟರಿ ಸ್ವಲ್ಪ ಇಳಿದ ದಿನ ಈ ವ್ಯತ್ಯಾಸ ಟ್ಯಾಂಕಿನಲ್ಲಿ ಕಾಣುತ್ತದೆ.

3. ಗುಂಯ್‌ಗುಟ್ಟಿ ನಿಂತಿದ್ದರೆ

ಕೂಡಲೇ ಸ್ವಿಚ್ ಆಫ್ ಮಾಡಿ. ತಿರುಗದ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇದ್ದರೆ ಸುರುಳಿ ಸುಡುತ್ತದೆ, ಆಗ ನಿಜವಾಗಿಯೂ ಹೊಸ ಪಂಪ್ ಬೇಕಾಗುತ್ತದೆ.

ಈಗಿನ ಹೆಚ್ಚಿನ ಪಂಪುಗಳಲ್ಲಿ ಬದಿಯ ಕಿವಿಗಳನ್ನು ಒತ್ತಿ ತಿರುಗಿಸಿದರೆ ಮೋಟಾರಿನ ಭಾಗ ಕೈಗೆ ಬರುತ್ತದೆ, ಬುಡ ದೋಣಿಯಲ್ಲೇ ಉಳಿಯುತ್ತದೆ. ರೆಕ್ಕೆಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಗಾಳದ ನೈಲಾನ್ ದಾರ ಸುತ್ತಿರುವುದು ತುಂಬಾ ಸಾಮಾನ್ಯ. ದಾರ ರೆಕ್ಕೆಯ ಹಿಂದೆ, ಕಂಬಿಯ ಬುಡದಲ್ಲಿ ಅಡಗಿರುತ್ತದೆ, ಸಾದಾ ನೋಟಕ್ಕೆ ಕಾಣುವುದಿಲ್ಲ. ಬೆಳಕಿಗೆ ಹಿಡಿದು ಸೂಜಿಯಿಂದ ಬಿಡಿಸಿ. ಚಾಕು ಹಾಕಿದರೆ ಸೀಲ್ ಹರಿಯಬಹುದು. ಮಳೆ ಮುಗಿದ ಮೇಲೆ ಅಡಿಕೆ ಸಿಪ್ಪೆಯ ನಾರು, ಮರಳು ಕೂಡ ಸಿಗುತ್ತದೆ.

ದಡದಲ್ಲಿ ಎರಡು ತಿಂಗಳು ಕೂತ ಪಂಪಿನಲ್ಲಿ ಉಪ್ಪು ಹರಳುಗಟ್ಟಿ ಹಿಡಿದಿರುತ್ತದೆ. ಬೆಚ್ಚಗಿನ ಸಿಹಿನೀರಿನಲ್ಲಿ ಒಂದು ಗಂಟೆ ಇಡಿ. ಸುಣ್ಣದ ಹಾಗೆ ಬಿಳಿ ಕಟ್ಟಿದ್ದರೆ ವಿನೆಗರಿಗೆ ಅಷ್ಟೇ ನೀರು ಸೇರಿಸಿ ನೆನೆಸಿ, ಬ್ರಷ್ ಹಾಕಿ ತೊಳೆಯಿರಿ. ಮುಳುಗುವ ಭಾಗ ಮಾತ್ರ ನೆನೆಯಲಿ, ವಯರಿನ ತುದಿ ಮೇಲೆ ಇರಲಿ. ಹಿಂದೆ ಕೂರಿಸುವಾಗ ರಬ್ಬರ್ ರಿಂಗ್ ಜಾಗದಲ್ಲಿ ಇದೆಯಾ ಅಂತ ನೋಡಿ.

4. ಸದ್ದು ಉಂಟು, ನೀರಿಲ್ಲ

ಜಾಲರಿಯಿಂದ ಶುರು. ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ಸಾಕು. ಪಂಪ್ ಎಳೆದಷ್ಟೂ ಅದು ಜಾಲರಿಗೆ ಅಪ್ಪಿಕೊಳ್ಳುತ್ತದೆ, ಪಂಪ್ ನಿಲ್ಲಿಸಿದರೆ ತಾನೇ ಕಳಚಿ ತೇಲಿ ಹೋಗುತ್ತದೆ. ಬಗ್ಗಿ ನೋಡಿದರೆ ಜಾಲರಿ ಚೊಕ್ಕಟ. ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತು ನೀರು ಬಂದು ನಿಲ್ಲುತ್ತದೆ, ಆಫ್ ಮಾಡಿ ಹಾಕಿದರೆ ಮತ್ತೆ ಬರುತ್ತದೆ ಅಂದರೆ ಇಂಥದ್ದೇ ಏನೋ ಇದೆ ಅಂತ ತಿಳಿಯಿರಿ. ನೀರಿನಲ್ಲೇ ನಿಂತಿರುವ ದೋಣಿಯಾದರೆ ತೂತಿನೊಳಗೆ ಗಟ್ಟಿ ಚಿಪ್ಪುಹುಳ ಬೆಳೆದಿರುತ್ತದೆ. ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಸೀಕಾಕ್ ಪೂರ್ತಿ ತೆರೆದಿದೆಯಾ ಅನ್ನುವುದನ್ನೂ ಕೈಮುಟ್ಟಿ ನೋಡಿ.

ಎಲ್ಲ ಚೊಕ್ಕಟ ಇದ್ದೂ ನೀರಿಲ್ಲವೇ? ಹಾಗಾದರೆ ಏರ್ ಲಾಕ್. ದೋಣಿ ಈಗಷ್ಟೇ ನೀರಿಗಿಳಿದಿದ್ದರೆ ಇದೇ ಅಂತ ಧೈರ್ಯವಾಗಿ ಹೇಳಬಹುದು. ಪಂಪಿನ ಬಸಿರಲ್ಲಿ ಗಾಳಿ ಕೂತಿದೆ, ರೆಕ್ಕೆ ಗಾಳಿಯಲ್ಲಿ ಸುಮ್ನೆ ಸುತ್ತುತ್ತಿದೆ. ಸದ್ದು ಕೂಡ ಮಾಮೂಲಿಗಿಂತ ತೆಳು, ಚುರುಕು. ತೂತು ಹಿಂಬದಿಯ ಹಲಗೆಯಲ್ಲಿದ್ದರೆ ಪಂಪ್ ಆನ್ ಇಟ್ಟು ದೋಣಿಯನ್ನು ನಿಧಾನವಾಗಿ ಕೆಲವು ಸೆಕೆಂಡ್ ಹಿಂದಕ್ಕೆ ಓಡಿಸಿ. ನೀರು ತೂತಿನೊಳಗೆ ನುಗ್ಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಆಗಲಿಲ್ಲವಾದರೆ ಪಂಪ್ ಆಫ್ ಮಾಡಿ, ಪಂಪಿನಿಂದ ಹೊರಡುವ ಪೈಪಿನ ಕ್ಲಿಪ್ ಸಡಿಲಿಸಿ. ಗಾಳಿ ಬುಸ್ ಅಂದು ಹೊರಟು ನೀರು ಇಣುಕಿದ ಕೂಡಲೇ ಬಿಗಿ ಮಾಡಿ.

ಗಾಳಿ ದಿನಾ ಕೂರುತ್ತದೆ ಅಂದರೆ ಪೈಪಿನ ದಾರಿ ನೋಡಿ. ಪಂಪಿನಿಂದ ಟ್ಯಾಂಕಿಯವರೆಗೆ ಅದು ಏರುತ್ತಲೇ ಹೋಗಬೇಕು. ನಡುವೆ ಜೋಕಾಲಿಯ ಹಾಗೆ ಇಳಿದು ಏರಿದರೆ ಅಲ್ಲಿ ನೀರು ನಿಂತು ಹಿಂದಿನ ಗಾಳಿಗೆ ಹೊರಗೆ ಹೋಗಲು ಬಿಡುವುದಿಲ್ಲ.

ನಿಂತಾಗ ನೀರು ಬರುತ್ತದೆ, ವೇಗವಾಗಿ ಓಡುವಾಗ ನಿಲ್ಲುತ್ತದೆ ಅನ್ನುವವರು ಜಾಲರಿಯ ದಿಕ್ಕು ನೋಡಿ. ದೋಣಿಯ ತಳಕ್ಕೆ ಕೂರಿಸಿದ ಬುಟ್ಟಿಯ ಆಕಾರದ ಜಾಲರಿಯ ಬಾಯಿ ದೋಣಿಯ ಮೂತಿಯ ಕಡೆಗೆ ಇರಬೇಕು. ಹಿಂದುಮುಂದಾಗಿ ಕೂತರೆ ಓಡುವ ನೀರು ಒಳಗೆ ಬರುವ ಬದಲು ಹೊರಗೆ ಎಳೆಯುತ್ತದೆ.

ಇನ್ನು ಒಂದು ತಪ್ಪು ವಯರ್ ಬದಲಿಸಿದ ಮೇಲೆ ಮಾತ್ರ ಬರುವಂಥದ್ದು. ಪ್ಲಸ್ ಮೈನಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಸದ್ದು ಬರುತ್ತದೆ, ನೀರೂ ಸ್ವಲ್ಪ ಬರುತ್ತದೆ, ಶಕ್ತಿ ಇರುವುದಿಲ್ಲ. ಹೆಚ್ಚಿನ ಪಂಪುಗಳಲ್ಲಿ ಕಂದು ವಯರ್ ಪ್ಲಸ್, ಕಪ್ಪು ಮೈನಸ್. ಆದರೂ ನಿಮ್ಮ ಪಂಪಿನ ಚೀಟಿ ನೋಡಿಯೇ ಜೋಡಿಸಿ.

5. ನೀರು ಬರುತ್ತದೆ, ಮೀನು ಸಾಯುತ್ತದೆ

ಇದನ್ನು ಪಂಪಿನ ದೋಷ ಅಂತ ಹೇಳಿಕೊಂಡು ಬರುವವರು ಹಲವರು. ಮೊದಲು ಅಳೆಯಿರಿ. 20 ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಬೇಕಾದರೆ ಗಂಟೆಗೆ 1200 ಲೀಟರ್ ಬರುತ್ತಿದೆ. ಪೆಟ್ಟಿಗೆಯ ಮೇಲೆ 500 ಜಿಪಿಎಚ್ ಅಂತ ಇದ್ದರೆ ಗಂಟೆಗೆ 500 ಅಮೆರಿಕನ್ ಗ್ಯಾಲನ್, ಸುಮಾರು 1890 ಲೀಟರ್. ಆದರೆ ಅದು ಮೇಲಕ್ಕೆ ಎತ್ತದೆ ಓಡಿದಾಗಿನ ಲೆಕ್ಕ. ಒಂದು ಮೀಟರ್ ಎತ್ತುವಾಗ ದೊಡ್ಡ ಪಾಲು ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ. ಟ್ಯಾಂಕಿಯ ನೀರು ಗಂಟೆಗೆ ಸುಮಾರು 6 ಸಲ ಬದಲಾಗುವಷ್ಟು ಬಂದರೆ ಸಾಕು. ಪಂಪ್ ಹೊಸದಿದ್ದಾಗ ಎಷ್ಟು ಸೆಕೆಂಡಿಗೆ ಬಕೆಟ್ ತುಂಬಿತು ಅಂತ ಟ್ಯಾಂಕಿಯ ಮುಚ್ಚಳದ ಒಳಗೆ ಬರೆದಿಡಿ. ಮುಂದೆ ಅದೇ ನಿಮ್ಮ ಅಳತೆಗೋಲು.

ನೀರು ಸಾಕಷ್ಟಿದ್ದೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದಕ್ಕೆ ಉಸಿರು ಸಾಲುತ್ತಿಲ್ಲ. 30 ಡಿಗ್ರಿ ಬಿಸಿಯ ಕಡಲ ನೀರು ಲೀಟರಿಗೆ ಹೆಚ್ಚೆಂದರೆ 6 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿಯುತ್ತದೆ. ಬಿಸಿ ಏರಿದಷ್ಟೂ ಅದು ಇಳಿಯುತ್ತದೆ, ಮೀನಿಗೆ ಬೇಕಾದದ್ದು ಏರುತ್ತದೆ. ಏಪ್ರಿಲ್, ಮೇಯಲ್ಲಿ ಟ್ಯಾಂಕಿಯಲ್ಲಿ ಮೀನು ಕಡಿಮೆ ಇಡಿ, ಮೇಲೆ ನೆರಳು ಮಾಡಿ. ನೀರು ಬೀಳುವ ತುದಿಗೆ ತೂತು ತೂತಿನ ಪೈಪ್ ಹಾಕಿ ಚಿಮುಕಿಸಿ. ಎಂಜಿನಿನ ಸೀಮೆಎಣ್ಣೆ ಜಿಡ್ಡು ತೇಲುವ ಜಾಗದಲ್ಲಿ ತೂತು ಇದ್ದರೆ ಅದನ್ನು ಬದಲಿಸಲೇಬೇಕು.

ನಮ್ಮ ಜಿಲ್ಲೆಗೆ ಇನ್ನೊಂದು ವಿಷಯ ಉಂಟು. ಕೇರಳದ 44 ಹೊಳೆಗಳಲ್ಲಿ 12 ಕಾಸರಗೋಡಿನವು. ಮಳೆಗಾಲದಲ್ಲಿ ಚಂದ್ರಗಿರಿ, ಶಿರಿಯ, ಮೊಗ್ರಾಲ್, ಉಪ್ಪಳ ಹೊಳೆಗಳ ಬಾಯಲ್ಲಿ ಸಿಹಿನೀರು ಹಗುರವಾಗಿ ಮೇಲೆ ತೇಲುತ್ತಿರುತ್ತದೆ. ಪಂಪ್ ಎಳೆಯುವುದು ಆ ಮೇಲಿನ ನೀರನ್ನೇ. ಹೊರಗಿನ ಕಡಲಲ್ಲಿ ಹಿಡಿದ ಮೀನು ಅಳಿವೆ ದಾಟುವ ಹೊತ್ತಿಗೆ ಸಿಹಿನೀರಿಗೆ ಬಿದ್ದ ಹಾಗಾಗುತ್ತದೆ. ಅಳಿವೆಗೆ ಬರುವ ಮೊದಲೇ ಪಂಪ್ ನಿಲ್ಲಿಸಿ, ಸೀಕಾಕ್ ಮುಚ್ಚಿ. ದಡ ಮುಟ್ಟುವವರೆಗೆ ಬ್ಯಾಟರಿಯ ಏರೇಟರ್, ಅಂದರೆ ನೀರಿಗೆ ಗಾಳಿಗುಳ್ಳೆ ಬಿಡುವ ಸಣ್ಣ ಯಂತ್ರ, ಓಡಲಿ.

6. ನಡುಕಡಲಲ್ಲಿ ಪಂಪ್ ನಿಂತರೆ

ಮೊದಲು ಮೀನು, ಆಮೇಲೆ ಪಂಪ್. ಸತ್ತದ್ದನ್ನೂ ಅರೆಜೀವದ್ದನ್ನೂ ತೆಗೆದು ಸಂಖ್ಯೆ ಅರ್ಧಕ್ಕೆ ಇಳಿಸಿ. ಬಕೆಟಿನಲ್ಲಿ ಕಡಲ ನೀರು ಎತ್ತಿ ಒಂದು ಮೊಳ ಮೇಲಿನಿಂದ ಸುರಿಯಿರಿ, ಗುಳ್ಳೆ ಏಳಬೇಕು. ಕೆಲವು ನಿಮಿಷಕ್ಕೊಮ್ಮೆ ಹೀಗೆ ಮಾಡುತ್ತಿರಿ. ನೀರು ಬಿಸಿಯಾದರೆ ಐಸನ್ನು ನೇರ ಹಾಕಬೇಡಿ. ಅದು ಕರಗಿದರೆ ಉಪ್ಪು ಕಡಿಮೆಯಾಗುತ್ತದೆ, ನಳ್ಳಿ ನೀರಿನ ಐಸಾದರೆ ಕ್ಲೋರಿನ್ ಬೇರೆ. ಬಾಟಲಿಯಲ್ಲಿ ಮುಚ್ಚಿದ ಐಸನ್ನು ತೇಲಿಬಿಡಿ, ಒಂದೊಂದೇ ಬಾಟಲಿ, ನಿಧಾನವಾಗಿ.

ನಾನು ದೋಣಿಯಲ್ಲಿ ಒಂದು ಡಬ್ಬಿ ಇಡುತ್ತೇನೆ. ಅದರಲ್ಲಿ ನಾಲ್ಕು ಫ್ಯೂಸ್, ಒಂದು ಮೀಟರ್ ವಯರ್, ಕ್ರಿಂಪ್ ತುಂಡುಗಳು, ಎರಡು ಪೈಪ್ ಕ್ಲಿಪ್, ತೂತಿನ ಅಳತೆಗೆ ಕೆತ್ತಿದ ಒಂದು ಮರದ ಬಿರಡೆ. ಆ ಬಿರಡೆಗೆ ದಾರ ಕಟ್ಟಿ ಸೀಕಾಕಿನ ಪಕ್ಕವೇ ನೇತುಹಾಕಿದರೂ ಆಯಿತು. ಸೀಕಾಕ್ ಮುರಿದ ದಿನ ಕತ್ತಲಲ್ಲೂ ಕೈಗೆ ಸಿಗಬೇಕು.